ಡೆಂಗಿ ಲೆಕ್ಕದ ಜೊತೆ ಪರೀಕ್ಷೆಯ ಲೆಕ್ಕವೂ ಬರಲಿ

ಮಾನ್ಯರೇ,

ಮಳೆ ಶುರುವಾದರೆ ಸಾಕು, ದಕ್ಷಿಣ ಕನ್ನಡದಲ್ಲಿ ಇಷ್ಟು ಡೆಂಗಿ, ಉಡುಪಿಯಲ್ಲಿ ಅಷ್ಟು ಎಂಬ ಸುದ್ದಿ ಬರುತ್ತದೆ. ಬರೀ ಸಂಖ್ಯೆ ಹೋಲಿಸಿದರೆ ಏನು ಗೊತ್ತಾಗುತ್ತದೆ? 2011ರ ಜನಗಣತಿಯಂತೆ ನಮ್ಮ ದಕ್ಷಿಣ ಕನ್ನಡದಲ್ಲಿ ಸುಮಾರು 20.9 ಲಕ್ಷ ಜನ, ಉಡುಪಿಯಲ್ಲಿ 11.8 ಲಕ್ಷ. ಎರಡೂ ಕಡೆ 200 ಪ್ರಕರಣ ಅಂದುಕೊಳ್ಳಿ. ಲಕ್ಷ ಜನರಿಗೆ ಲೆಕ್ಕ ಹಾಕಿದರೆ ಇಲ್ಲಿ 10ರ ಹತ್ತಿರ, ಅಲ್ಲಿ 17.

ಎಷ್ಟು ಜನರ ರಕ್ತ ಪರೀಕ್ಷೆ ಮಾಡಿದರು ಎಂಬುದು ಇನ್ನೂ ಮುಖ್ಯ. ಪರೀಕ್ಷೆ ಜಾಸ್ತಿಯಾದ ವಾರ ಪ್ರಕರಣವೂ ಜಾಸ್ತಿ ಕಾಣುತ್ತದೆ, ಅಲ್ವಾ? ಅದನ್ನೇ ‘ಡೆಂಗಿ ಸ್ಫೋಟ’ ಎಂದು ಬರೆದರೆ ಸುಮ್ನೆ ಹೆದರಿಸಿದ ಹಾಗೆ. ಬೇಗ ಫಲಿತಾಂಶ ಕೊಡುವ ರಾಪಿಡ್ ಕಿಟ್‌ನಲ್ಲಿ ಪಾಸಿಟಿವ್ ಬಂದದ್ದು, ಪ್ರಯೋಗಾಲಯದ ಎಲೈಸಾ ರಕ್ತ ಪರೀಕ್ಷೆಯಲ್ಲಿ ಖಚಿತವಾದದ್ದು ಎರಡನ್ನೂ ಬೇರೆ ಬೇರೆ ಕೊಡಿ. ವರದಿಗಾರರು ಆರೋಗ್ಯ ಇಲಾಖೆಯನ್ನು ಇಷ್ಟು ಕೇಳಬಹುದು.

– ಒಬ್ಬ ಓದುಗ, ಕದ್ರಿ, ಮಂಗಳೂರು