ಪೀಸ್ ಲೆಕ್ಕದಲ್ಲಿ ನೀರು ಕುಡಿದರೂ ನಷ್ಟ

ಮಾನ್ಯ ಸಂಪಾದಕರೇ,

ಕೂಲಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಯಾವ ಲೆಕ್ಕದಲ್ಲಿ ಕೊಡುತ್ತಾರೆ ಅಂತ ಕೇಳುವವರು ಕಡಿಮೆ. ಆ ಲೆಕ್ಕವೇ ಮೈಯನ್ನು ಹಾಳು ಮಾಡುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಐದು ವರ್ಷ ಪೀಸ್ ರೇಟಿಗೆ ಹೊಲಿದ ಮೇಲೆ.

ನಾನು ಶರ್ಟಿಗೆ ಕಾಲರ್ ಕೂರಿಸುತ್ತಿದ್ದೆ. ಕಾಲರಿಗೆ ಇಷ್ಟು ಅಂತ ದುಡ್ಡು. ಬೆಳಿಗ್ಗೆ ತುಂಬಿಸಿಟ್ಟ ನೀರಿನ ಬಾಟಲಿ ಸಂಜೆಗೂ ಅರ್ಧ ಹಾಗೇ ಇರುತ್ತಿತ್ತು. ಕುಡಿದರೆ ಎದ್ದು ಹೋಗಬೇಕು, ಹೋಗಿ ಬರುವಷ್ಟರಲ್ಲಿ ನಾಲ್ಕು ಪೀಸ್ ಹೋಯಿತು. ಹೋಗಬೇಡ ಅಂತ ಯಾರೂ ಅಂದಿರಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಎರಡು ಸಲ ಉರಿಮೂತ್ರ ಬಂತು. ಆಮೇಲೆ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು, ರಾತ್ರಿ ಎಚ್ಚರವಾಗಿ ಕೈ ಒದರುತ್ತಾ ಕೂರುತ್ತಿದ್ದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೈಗೆ ವಿಶ್ರಾಂತಿ ಕೊಡಿ ಅಂದರು ಡಾಕ್ಟರ್. ಕೊಟ್ಟರೆ ಆ ದಿನದ ದುಡ್ಡು ಸೊನ್ನೆ, ಅಲ್ವಾ?

ಇದು ಹೊಸ ವಿಷಯವೂ ಅಲ್ಲ. ಪೀಸ್ ಲೆಕ್ಕದಲ್ಲಿ ಒಳ್ಳೆ ದುಡ್ಡು ಸಿಗುವವರು ಮೈಮೀರಿ ದುಡಿದು ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಡಿಸಿಕೊಳ್ಳುತ್ತಾರೆ ಅಂತ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದರು. ಲಂಡನ್ನಿನ ಬಡಗಿಯ ಪೂರ್ತಿ ಕಸುವು ಎಂಟು ವರ್ಷಕ್ಕಿಂತ ಜಾಸ್ತಿ ಉಳಿಯುವುದಿಲ್ಲ ಅನ್ನುವ ಮಾತನ್ನೂ ಹೇಳಿದ್ದರು. ಅವರೇನು ಕಾರ್ಮಿಕ ಸಂಘದವರಲ್ಲ!

ಬಿಸಿಲಿನ ಕೆಲಸದಲ್ಲಿ ಇದು ಇನ್ನೂ ಕಷ್ಟ. ಮಧ್ಯ ಅಮೆರಿಕದಲ್ಲಿ ಕಡಿದಷ್ಟಕ್ಕೆ ಕೂಲಿ ಪಡೆಯುವ ಕಬ್ಬಿನ ಕೆಲಸಗಾರರಲ್ಲಿ, ಸಕ್ಕರೆ ಕಾಯಿಲೆ ಬಿಪಿ ಯಾವುದೂ ಇಲ್ಲದ ಹುಡುಗರ ಕಿಡ್ನಿಯೂ ಕೆಟ್ಟಿದೆ. ಬಿಸಿಲಲ್ಲಿ ಬಿಡುವಿಲ್ಲದೆ ದುಡಿಯುವುದು, ನೀರು ಸಾಲದಿರುವುದು ಇದಕ್ಕೆ ದೊಡ್ಡ ಕಾರಣ ಅನ್ನುತ್ತಾರೆ ತಜ್ಞರು. ಬಿಸಿಲಲ್ಲಿ ಐದು ನಿಮಿಷ ನೆರಳಿಗೆ ಹೋಗಿ ಕೂತರೆ ಆ ಐದು ನಿಮಿಷಕ್ಕೆ ಕಾಸಿಲ್ಲ, ಹಾಗಿದ್ದಾಗ ಯಾರು ತಾನೇ ಕೂರುತ್ತಾರೆ?

ತಿಂಗಳ ಸಂಬಳದವರೂ ಸುಮ್ನೆ ಖುಷಿ ಪಡಬೇಕಿಲ್ಲ. ಓಟಿ ಮಾಡದಿದ್ದರೆ ತಿಂಗಳು ದಾಟುವುದಿಲ್ಲ ಅನ್ನುವಷ್ಟು ಕಡಿಮೆ ಸಂಬಳ ಇಟ್ಟರೆ ಅದೂ ಇದೇ ಆಟ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದಿದ್ದರಿಂದ ಲಕ್ವ, ಹೃದಯದ ಕಾಯಿಲೆ ಬಂದು 2016ರಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜು ಕೊಟ್ಟಿವೆ.

ಜಾಸ್ತಿ ಮಾಡಿದವರಿಗೆ ಜಾಸ್ತಿ ದುಡ್ಡು, ತಪ್ಪೇನು ಅನ್ನುವವರಿದ್ದಾರೆ. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ, ಆಗ ಕೈ ಚುರುಕಾಗಿತ್ತು. ಆದರೆ ನಾವು ಚುರುಕಾದಂತೆ ರೇಟ್ ಇಳಿಸಿದರು, ಮೊದಲಿನಷ್ಟೇ ದುಡ್ಡಿಗೆ ಇನ್ನಷ್ಟು ಓಡಬೇಕಾಯಿತು. ಪೀಸ್ ಲೆಕ್ಕ ಬೇಡವೇ ಬೇಡ ಅನ್ನುತ್ತಿಲ್ಲ. ಎಷ್ಟೇ ಪೀಸ್ ಆಗಲಿ, ಇಷ್ಟು ಅಂತ ದಿನದ ದುಡ್ಡು ಖಾತ್ರಿ ಇರಲಿ. ನೀರು ಕುಡಿಯುವ, ಎದ್ದು ಹೋಗುವ, ಬೆನ್ನು ನೆಟ್ಟಗೆ ಮಾಡುವ ಹೊತ್ತನ್ನೂ ಸೇರಿಸಿಯೇ ರೇಟ್ ಹಾಕಲಿ.

ಕೂಲಿ ಏರಿದ ಸುದ್ದಿ ಹಾಕುವಾಗ ನಿಮ್ಮ ಪತ್ರಿಕೆಯೂ ಅದು ದಿನದ ಲೆಕ್ಕವೋ ಪೀಸ್ ಲೆಕ್ಕವೋ ಅಂತ ಒಂದು ಸಾಲು ಬರೆಯಲಿ.

ಇಂತಿ,
ಒಬ್ಬ ಓದುಗಿ