ವಸ್ತುಗಳ ಜೊತೆ ಜನರ ಮಾತೂ ಇರಲಿ

ಮಾನ್ಯರೇ,

ಲೋಕದ ನಾನಾ ಸಮುದಾಯಗಳ ವಸ್ತುಗಳನ್ನು ತೋರಿಸುವ ಮ್ಯೂಸಿಯಂಗಳಲ್ಲಿ ಆ ಸಮುದಾಯಗಳ ಮಾತು ಕೇಳಿಸುವುದು ತೀರಾ ಕಡಿಮೆ. 1884ರಲ್ಲಿ ಶುರುವಾದ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ವಸ್ತುಗಳನ್ನು ದೇಶದ ಪ್ರಕಾರವಲ್ಲ, ಬಗೆಯ ಪ್ರಕಾರ ಜೋಡಿಸಿದ್ದಾರೆ. ಮುಖವಾಡಗಳೆಲ್ಲ ಒಂದು ಕಡೆ, ವಾದ್ಯಗಳೆಲ್ಲ ಇನ್ನೊಂದು ಕಡೆ. ಹೋಲಿಸಿ ನೋಡಲು ಇದು ಚೆನ್ನ, ನಿಜ. ಆದರೆ ಆ ಮುಖವಾಡವನ್ನು ಯಾರು, ಯಾಕೆ ಹಾಕುತ್ತಿದ್ದರು, ಅದು ಅಲ್ಲಿಗೆ ಹೇಗೆ ಬಂತು ಎನ್ನುವುದೂ ಅಷ್ಟೇ ಮುಖ್ಯ ಅಲ್ವಾ? ದಕ್ಷಿಣ ಅಮೆರಿಕದಿಂದ ತಂದ, ಮನುಷ್ಯರ ಕುಗ್ಗಿಸಿದ ತಲೆಗಳನ್ನೂ ಅಲ್ಲಿ ಬಹುಕಾಲ ಪ್ರದರ್ಶಿಸಿದ್ದರು. 2020ರಲ್ಲಿ ತೆಗೆದರು. ಒಳ್ಳೆಯ ನಿರ್ಧಾರ, ಬೇಗನೇ ಆಗಬೇಕಿತ್ತು.

ಇಂಥ ಮ್ಯೂಸಿಯಂಗಳು ಆಯಾ ಸಮುದಾಯದವರನ್ನೇ ಕರೆಸಿ ವಿವರಣೆಯ ಫಲಕಗಳನ್ನು ಬರೆಸಲಿ. ಯಾವುದನ್ನು ತೋರಿಸಬಾರದು ಎಂದು ಹೇಳುವ ಹಕ್ಕನ್ನೂ ಅವರಿಗೇ ಕೊಡಲಿ.

– ಓದುಗ