ಹೆಸರು ಕೇಳದೆ ಉಳಿದ ಹಿರಿಯರಿಗೆ

ಕಳೆದ ವರ್ಷ ಗ್ರಂಥಾಲಯದಲ್ಲಿ, ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಕುರಿತ ನನ್ನ ಪ್ರಬಂಧದ ಹಾಳೆಗಳನ್ನು ಹರಡಿಕೊಂಡು ದಿಕ್ಕುತೋಚದೆ ಕುಳಿತಿದ್ದಾಗ ಎದುರಿನ ಕುರ್ಚಿಯಿಂದ ಎದ್ದುಬಂದು ಇಡೀ ಮಧ್ಯಾಹ್ನವನ್ನು ನನಗಾಗಿ ಕೊಟ್ಟ ಹಿರಿಯರೇ, ತಮಗೆ ಹೃತ್ಪೂರ್ವಕ ಧನ್ಯವಾದಗಳು.

ವೇಬರ್ 1894ರಲ್ಲಿ ಫ್ರೈಬರ್ಗ್‌ನಲ್ಲಿ, ಆಮೇಲೆ ಹೈಡೆಲ್‌ಬರ್ಗ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು ಎಂಬಷ್ಟನ್ನೇ ನಾನು ಬರೆದಿದ್ದೆ. 1897ರಲ್ಲಿ ತಂದೆಯೊಂದಿಗೆ ಜಗಳವಾಡಿದ ಕೆಲವೇ ವಾರಗಳಲ್ಲಿ ಆ ತಂದೆ ತೀರಿಕೊಂಡದ್ದು, ಬಳಿಕ ಮನಸ್ಸು ಕುಸಿದು ಪಾಠ ಹೇಳಲಾಗದೆ 1903ರಲ್ಲಿ ಹುದ್ದೆ ತೊರೆದದ್ದು, ಪ್ರೊಟೆಸ್ಟಂಟ್ ನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ನಂಟನ್ನು ಶೋಧಿಸಿದ ಬರಹ 1904-05ರಲ್ಲಿ, ಅಂದರೆ ಹುದ್ದೆ ಬಿಟ್ಟ ಮೇಲೆಯೇ, ಹೊರಬಂದದ್ದು, ಇವನ್ನೆಲ್ಲ ತಾವು ಸಹನೆಯಿಂದ ಜೋಡಿಸಿ ತೋರಿಸಿದಿರಿ. ಆ ವಿರಾಮವನ್ನು ನಾನು ಬರಿಯ ಕಾಯಿಲೆಯ ಕಾಲವೆಂದು ದಾಟಿಬಿಟ್ಟಿದ್ದೆ.

ನಾಯಕನ ವರ್ಚಸ್ಸು ಎಂಬ ಪರಿಕಲ್ಪನೆಯನ್ನು ವೇಬರ್ ಚರ್ಚಿನ ಇತಿಹಾಸ ಬರೆದ ರುಡಾಲ್ಫ್ ಜೋಮ್ ಅವರಿಂದ ಪಡೆದರೆಂದೂ, ಪ್ರವಾದಿಯ ಕಾಲಾನಂತರ ಆ ವರ್ಚಸ್ಸು ಪೀಠ, ಪದವಿ, ನಿಯಮಗಳಾಗಿ ಗಟ್ಟಿಗೊಳ್ಳುವುದನ್ನು ವಿವರಿಸಿದರೆಂದೂ ತಾವು ಹೇಳಿದಾಗಲೇ ಧರ್ಮ ಮತ್ತು ನಾಯಕತ್ವ ಅವರಿಗೆ ಒಂದೇ ಪ್ರಶ್ನೆಯ ಎರಡು ಮುಖಗಳಾಗಿದ್ದವೆಂದು ನನಗೆ ಹೊಳೆಯಿತು. 1919ರಲ್ಲಿ ಮ್ಯೂನಿಕ್‌ನಲ್ಲಿ ಮತ್ತೆ ಪ್ರಾಧ್ಯಾಪಕ ಪೀಠವೇರಿದ ಅವರು ಮರುವರ್ಷ, 56ರ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಅಗಲಿದರು.

ಪ್ರಬಂಧ ಈಗ ಅಂಗೀಕೃತವಾಗಿದೆ. ಅದರ ಎರಡನೆಯ ಅಧ್ಯಾಯ ತಮ್ಮ ಋಣ.